ಚೀಟಿ ನಮ್ಮದು, ದುಡ್ಡು ನಮ್ಮದು. ಕಾನೂನು ಮಾತ್ರ ಯಾರದ್ದೋ!

ಜಿಲ್ಲಾ ಕೇಂದ್ರದ ಯಾವುದೇ ಪೇಟೆ ಬೀದಿಗೆ ತಿಂಗಳ ಮೊದಲ ವಾರದಲ್ಲಿ ಸಂಜೆ ಏಳೂವರೆ ಹೊತ್ತಿಗೆ ಹೋಗಿ ನೋಡಿ. ಒಂದು ಅಂಗಡಿಯ ಶಟರು ಅರ್ಧ ಇಳಿದಿರುತ್ತದೆ. ಒಳಗೆ ಗೋಣಿಚೀಲದ ಮೇಲೆ ಇಬ್ಬರು, ಸ್ಟೂಲಿನ ಮೇಲೆ ಒಬ್ಬರು, ಉಳಿದವರು ನಿಂತೇ ಇರುತ್ತಾರೆ. ಎದುರಿನ ಹೋಟೆಲಿನಿಂದ ಬೈಟೂ ಕಾಫಿ ಬರುತ್ತದೆ. ನಡುವೆ ಒಂದು ಉದ್ದನೆಯ ನೋಟ್‌ಬುಕ್ಕು.

“ಹದಿನೈದು.”

“ಹದಿನೆಂಟು.”

“ಇಪ್ಪತ್ತು. ಮಗಳ ಕಾಲೇಜು ಫೀಸು ಕಟ್ಟಬೇಕು ಸ್ವಾಮಿ, ಬಿಟ್ಟುಬಿಡಿ.”

“ಬಿಟ್ಟೆ ಕಣಪ್ಪಾ. ನನಗೆ ಮುಂದಿನ ತಿಂಗಳಿಗಾಯ್ತು.”

ಇಷ್ಟೇ. ಬ್ಯಾಂಕಿನ ಮ್ಯಾನೇಜರು ಮೂರು ವಾರ ಓಡಾಡಿಸಿ ಕೊಡಬಹುದಾದ, ಕೊಡದೆಯೂ ಇರಬಹುದಾದ ಸಾಲ ಇಲ್ಲಿ ಮೂರು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಇದೇ ಚೀಟಿ. ದಿನಸಿ ಅಂಗಡಿಯವರು, ಟೈಲರು, ಬೆಳಗಿನ ಏಳರ ಬಸ್ಸಿನಲ್ಲಿ ಜೊತೆಯಾಗಿ ಹೋಗುವ ಮೇಷ್ಟ್ರು, ಆಫೀಸಿನ ಗುಮಾಸ್ತರು, ನರ್ಸಮ್ಮನವರು, ಹೀಗೆ ಚೀಟಿ ಕಟ್ಟದವರನ್ನು ಹುಡುಕುವುದೇ ಕಷ್ಟ. ಪಕ್ಕದ ಕೇರಳದಲ್ಲಿ ಇದನ್ನೇ ಚಿಟ್ಟಿ ಅಂತಾರೆ, ಕುರಿ ಅಂತಲೂ ಅಂತಾರೆ.

ಆದರೆ ಇಷ್ಟು ಜನರ ದುಡ್ಡು ಓಡಾಡುವ ಈ ವ್ಯವಹಾರಕ್ಕೆ ಒಂದು ಕಾನೂನಿದೆ, ಆ ಕಾನೂನಿನಲ್ಲಿ ಚೀಟಿ ಕಟ್ಟುವವನಿಗೆ ಹಕ್ಕುಗಳಿವೆ ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಕೇಳಿದರೆ ಹತ್ತರಲ್ಲಿ ಒಂಬತ್ತು ಜನ “ನಂಬಿಕೆ ಮೇಲೆ ನಡೆಯೋದು ಸಾರ್” ಅಂತಾರೆ. ನಂಬಿಕೆ ಒಳ್ಳೆಯದೇ. ಆದರೆ ಚೀಟಿ ನಡೆಸುವವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದರು ಅನ್ನುವ ಸುದ್ದಿ ಬಂದ ಬೆಳಿಗ್ಗೆ, ಬೀಗ ಹಾಕಿದ ಬಾಗಿಲ ಮುಂದೆ ನಿಂತವರ ಕೈಯಲ್ಲಿ ಉಳಿಯುವುದೂ ಆ ನಂಬಿಕೆ ಮಾತ್ರ!

ಲೆಕ್ಕ ಹೀಗಿದೆ

ಇಪ್ಪತ್ತು ಜನ, ತಿಂಗಳಿಗೆ ತಲಾ 5,000 ರೂಪಾಯಿ, ಇಪ್ಪತ್ತು ತಿಂಗಳು. ಅಂದರೆ ಒಂದು ಲಕ್ಷದ ಚೀಟಿ. ಒಂದು ತಿಂಗಳು ಒಬ್ಬರಿಗೆ ತುರ್ತು. ಅವರು 25,000 ಬಿಟ್ಟು ಚೀಟಿ ಎತ್ತುತ್ತಾರೆ ಅನ್ನಿ. ಅವರ ಕೈಗೆ 75,000. ಬಿಟ್ಟ 25,000ದಲ್ಲಿ ನಡೆಸುವವರ ಕಮಿಷನ್ ನೂರಕ್ಕೆ ಐದರಂತೆ 5,000 ಹೋಗುತ್ತದೆ. ಮಿಕ್ಕ 20,000 ಇಪ್ಪತ್ತು ಜನಕ್ಕೂ ಸಮನಾಗಿ ಹಂಚಿ, ತಲಾ ಒಂದು ಸಾವಿರ. ಹಾಗಾಗಿ ಕಟ್ಟಬೇಕಾದದ್ದು ಐದು ಸಾವಿರವಾದರೂ ಕೈಯಿಂದ ಹೋಗುವುದು ನಾಲ್ಕೇ ಸಾವಿರ. ಅವಸರ ಇದ್ದವನಿಗೆ ಸಾಲ, ಅವಸರ ಇಲ್ಲದವನಿಗೆ ಉಳಿತಾಯ. ಒಬ್ಬನ ತುರ್ತು ಇನ್ನೊಬ್ಬನಿಗೆ ಬಡ್ಡಿ.

ಈಗ ಹನ್ನೆರಡು ತಿಂಗಳಾಯಿತು ಅನ್ನಿ. ಹನ್ನೆರಡು ಜನ ಎತ್ತಿಯಾಗಿದೆ, ಎಂಟು ಜನ ಇನ್ನೂ ಎತ್ತಿಲ್ಲ. ಆ ಎಂಟು ಜನರಲ್ಲಿ ಒಬ್ಬೊಬ್ಬರೂ ಕಟ್ಟಿರುವುದು ಸುಮಾರು ಐವತ್ತು ಸಾವಿರ. ಒಟ್ಟು ನಾಲ್ಕು ಲಕ್ಷ. ಅದೇ ರಾತ್ರಿ ಚೀಟಿ ನಡೆಸುವವರು ಊರು ಬಿಟ್ಟರೆ ಆ ನಾಲ್ಕು ಲಕ್ಷ ಎಲ್ಲಿದೆ?

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಚೀಟಿ ಪ್ರಾಮಾಣಿಕವಾಗಿ ನಡೆದಿದ್ದರೆ ಆ ಹಣ ಓಡಿಹೋದವನ ಜೇಬಿನಲ್ಲಿಲ್ಲ. ಎತ್ತಿದ ಹನ್ನೆರಡು ಜನರ ಹತ್ತಿರ ಇದೆ. ಅವರು ತಲಾ ಇನ್ನೂ ಎಂಟು ಕಂತು ಕಟ್ಟಬೇಕು. ಹನ್ನೆರಡು ಜನ, ಎಂಟು ಕಂತು, ಐದು ಸಾವಿರ. 4,80,000 ರೂಪಾಯಿ ಬಾಕಿ ಇದೆ. ಅವರಿಂದ ಜಾಮೀನು ಬರೆಸಿಕೊಂಡಿದ್ದರೆ, ಪುಸ್ತಕ ಸರಿಯಾಗಿದ್ದರೆ, ಕರಾರು ಪತ್ರ ನೋಂದಣಿಯಾಗಿದ್ದರೆ ಆ ಹಣ ವಸೂಲಾಗುತ್ತದೆ. ಯಾವುದೂ ಇಲ್ಲದಿದ್ದರೆ? ಎತ್ತಿದವರು “ಯಾವ ಚೀಟಿ? ಯಾರ ಹತ್ತಿರ?” ಅಂದರೆ ಕೇಳುವವರಾರು?

ಇನ್ನೊಂದು ಬಗೆಯೂ ಉಂಟು. ನಡೆಸುವವರೇ ಹೆಂಡತಿ ಹೆಸರು, ಭಾವಮೈದುನನ ಹೆಸರು, ಇಲ್ಲದವರ ಹೆಸರು ಬರೆದುಕೊಂಡು ಮೊದಲ ಚೀಟಿಗಳನ್ನೆಲ್ಲ ತಾವೇ ಎತ್ತಿಬಿಡುವುದು. ಒಂದು ಚೀಟಿಯ ಹಣವನ್ನು ಇನ್ನೊಂದಕ್ಕೆ ಹಾಕಿ ತೂಗಿಸುವುದು. ತೂಗಿಸಲಾರದ ದಿನ ಕಂಬಿ ಕೀಳುವುದು. ಮುಳುಗಿದ ಚೀಟಿಗಳ ಕಥೆ ಬಹಳ ಸಲ ಹೀಗೇ ಇರುತ್ತದೆ. ಉಂಡೂ ಹೋದ, ಕೊಂಡೂ ಹೋದ ಅನ್ನುವುದು ಇದಕ್ಕೇ.

ಕಾನೂನು ಏನು ಹೇಳುತ್ತೆ?

ಈ ಆಟ ಹೊಸದಲ್ಲ. ತಿರುವಾಂಕೂರು ಸಂಸ್ಥಾನ 1945ರಲ್ಲೇ ಚಿಟ್ಟಿ ಕಾನೂನು ತಂದಿತ್ತು. ಮದ್ರಾಸು ರಾಜ್ಯ 1961ರಲ್ಲಿ ತಂದಿತು. ಬಹುಮಾನದ ಆಸೆ ತೋರಿಸಿ ಹಣ ಎತ್ತುವ ಪ್ರೈಜ್ ಚಿಟ್‌ಗಳನ್ನು ಕೇಂದ್ರ ಸರ್ಕಾರ 1978ರಲ್ಲಿ ಪೂರಾ ನಿಷೇಧಿಸಿತು. ಕೊನೆಗೆ ಇಡೀ ದೇಶಕ್ಕೆ ಒಂದೇ ನಿಯಮ ಬೇಕು ಅಂತ 1982ರಲ್ಲಿ ಚಿಟ್ ಫಂಡ್ಸ್ ಕಾಯ್ದೆ ಬಂತು. ನಡೆಸುವವರು ಕೋರ್ಟಿಗೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಆ ಕಾಯ್ದೆ ಹೇಳುವುದು ಬೀದಿ ಭಾಷೆಯಲ್ಲಿ ಹೀಗೆ:

ಚೀಟಿ ಶುರು ಮಾಡುವ ಮೊದಲೇ ಸರ್ಕಾರದ ಮಂಜೂರಾತಿ ಬೇಕು. ಕರಾರು ಪತ್ರವನ್ನು ಚಿಟ್ ರಿಜಿಸ್ಟ್ರಾರರ ಹತ್ತಿರ ನೋಂದಾಯಿಸಬೇಕು. ಅಷ್ಟೂ ಜನ ಸೇರಿದ ಮೇಲೆ ಆರಂಭದ ಸರ್ಟಿಫಿಕೇಟು ತೆಗೆದುಕೊಳ್ಳಬೇಕು. ನಡೆಸುವವರು ಒಂದು ಚೀಟಿಯ ಮೊತ್ತದಷ್ಟು ಹಣವನ್ನು ಬ್ಯಾಂಕಿನಲ್ಲಿ ರಿಜಿಸ್ಟ್ರಾರರ ಹೆಸರಿಗೆ ಭದ್ರತೆಯಾಗಿ ಇಡಬೇಕು. ಕೂಗುವಾಗ ಕಡೇಪಕ್ಷ ಇಬ್ಬರು ಸದಸ್ಯರು ಹಾಜರಿರಬೇಕು, ನಡಾವಳಿ ಬರೆಯಬೇಕು, ರುಜು ಆಗಬೇಕು. ಎತ್ತಿದವರಿಂದ ಸಾಕಷ್ಟು ಜಾಮೀನು ಪಡೆಯಬೇಕು. ಇನ್ನೂ ಎತ್ತದ ಸದಸ್ಯ ಕೇಳಿದರೆ ಪುಸ್ತಕ ತೋರಿಸಬೇಕು. ಮಂಜೂರಾತಿ ಇಲ್ಲದೆ ಚೀಟಿ ನಡೆಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ.

2019ರ ಡಿಸೆಂಬರಿನಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂತು. ನಡೆಸುವವರ ಕಮಿಷನ್ನಿನ ಮಿತಿ ನೂರಕ್ಕೆ ಐದು ಇದ್ದದ್ದು ಏಳಾಯಿತು. ಒಬ್ಬರೇ ನಡೆಸುವುದಾದರೆ ಅಥವಾ ನಾಲ್ವರಿಗಿಂತ ಕಡಿಮೆ ಪಾಲುದಾರರಿದ್ದರೆ ಒಟ್ಟು ಚೀಟಿ ಮೊತ್ತದ ಮಿತಿ ಒಂದು ಲಕ್ಷದಿಂದ ಮೂರು ಲಕ್ಷಕ್ಕೆ ಏರಿತು. ನಾಲ್ವರು ಅಥವಾ ಹೆಚ್ಚು ಪಾಲುದಾರರಿದ್ದರೆ ಆರು ಲಕ್ಷದಿಂದ ಹದಿನೆಂಟು ಲಕ್ಷಕ್ಕೆ. ಇಬ್ಬರು ಸದಸ್ಯರು ವೀಡಿಯೋ ಮೂಲಕ ಹಾಜರಾದರೂ ಆಯಿತು ಅಂತಾಯಿತು.

ಇನ್ನೊಂದು ಸ್ವಾರಸ್ಯ. ಚಿಟ್ ಫಂಡ್ ಅನ್ನುವ ಹೆಸರಿಗೇ ಮಸಿ ಹತ್ತಿದೆ ಅಂತ, ಬೇಕಾದವರು “ಫ್ರೆಟರ್ನಿಟಿ ಫಂಡ್” ಅಂದರೆ ಬಂಧುತ್ವದ ನಿಧಿ ಅಂತಲೂ ಬೋರ್ಡು ಹಾಕಿಕೊಳ್ಳಬಹುದು ಅಂತ ಸೇರಿಸಿದರು. ಬಂಗಾಳದಲ್ಲಿ 2013ರಲ್ಲಿ ಶಾರದಾ ಹಗರಣ ಆದಾಗ ಪತ್ರಿಕೆಗಳೆಲ್ಲ “ಚಿಟ್ ಫಂಡ್ ಹಗರಣ” ಅಂತಲೇ ಬರೆದವು. ನಿಜವಾಗಿ ಅದು ಈ ಕಾಯ್ದೆಯ ಕೆಳಗೆ ನೋಂದಾದ ಚೀಟಿ ಆಗಿರಲಿಲ್ಲ. ಹೆಸರು ಕೆಟ್ಟದ್ದು ಮಾತ್ರ ಚೀಟಿಯದ್ದು. ಬೋರ್ಡು ಬದಲಾಯಿಸಿದರೆ ಬಂಧುತ್ವ ಬರುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ.

ಸದಸ್ಯನನ್ನು ಕೇಳಿದವರಾರು?

ಇಷ್ಟೆಲ್ಲ ತಿದ್ದಿದರಲ್ಲ, ಕಮಿಷನ್ ಐದರಿಂದ ಏಳಾಗಲಿ ಅಂತ ಯಾವ ಬೀದಿಯ ಚೀಟಿ ಸದಸ್ಯ ಕೇಳಿದ್ದ? ಒಂದು ಲಕ್ಷದ ಚೀಟಿಗೆ ತಿಂಗಳಿಗೆ ಎರಡು ಸಾವಿರ ಹೆಚ್ಚಿಗೆ ಹೋಗುವುದು ಅವನ ಪಾಲಿನಿಂದಲೇ. ನಡೆಸುವವರ ಸಂಘಗಳಿವೆ, ಅವರು ದೆಹಲಿಯವರೆಗೂ ಹೋಗಿ ಮನವಿ ಕೊಡುತ್ತಾರೆ. ಖರ್ಚು ಹೆಚ್ಚಿದೆ ಅನ್ನುವ ಅವರ ವಾದದಲ್ಲೂ ಹುರುಳಿದೆ. 1982ರಲ್ಲಿ ನಿಂತ ಮಿತಿ 2019ರವರೆಗೆ ಅಲ್ಲಾಡಿರಲಿಲ್ಲ. ಆದರೆ ಕಟ್ಟುವವರ ಸಂಘ ಎಲ್ಲಿದೆ? ಇಪ್ಪತ್ತು ಜನ ತಿಂಗಳಿಗೊಮ್ಮೆ ಸೇರುತ್ತಾರೆ, ಕೂಗುತ್ತಾರೆ, ಕಾಫಿ ಕುಡಿದು ಚದುರುತ್ತಾರೆ.

ಬೇರೆ ದೇಶದಲ್ಲಿ ಇಂಥದ್ದಕ್ಕೆ ಜನರೇ ದಾರಿ ಮಾಡಿಕೊಂಡದ್ದುಂಟು. ಅಮೆರಿಕದಲ್ಲಿ ನಮ್ಮ ಚೀಟಿಗೆ ಹತ್ತಿರದ ನೆಂಟ ಅನ್ನಬಹುದಾದ ಸಹೋದರ ಸಂಘಗಳು ಇದ್ದವು, ಈಗಲೂ ಇವೆ. 1868ರಲ್ಲಿ ಪೆನ್ಸಿಲ್ವೇನಿಯಾದ ಮೀಡ್‌ವಿಲ್ ಎಂಬ ಊರಿನಲ್ಲಿ ಜಾನ್ ಅಪ್‌ಚರ್ಚ್ ಎಂಬ ರೈಲ್ವೆ ಕಾರ್ಖಾನೆಯ ಕೆಲಸಗಾರ ಅಂಥದ್ದೊಂದನ್ನು ಕಟ್ಟಿದ. ಸಂಘದಲ್ಲಿ ಯಾರಾದರೂ ಸತ್ತರೆ ಉಳಿದವರೆಲ್ಲ ತಲಾ ಒಂದು ಡಾಲರ್ ಹಾಕಿ ಆ ಮನೆಯವರಿಗೆ ಕೊಡುವುದು. ನಮ್ಮ ವರ್ತಕರ ಸಂಘಗಳು, ಡ್ರೈವರುಗಳ ಸಂಘಗಳು ಮರಣ ನಿಧಿ ಅಂತ ಎತ್ತುತ್ತಾವಲ್ಲ, ಥೇಟ್ ಹಾಗೇ.

ಮೊದಲ ವರ್ಷಗಳಲ್ಲಿ ಎಲ್ಲ ಚೆನ್ನಾಗೇ ನಡೆಯಿತು. ಆಮೇಲೆ ಸದಸ್ಯರಿಗೆ ವಯಸ್ಸಾಯಿತು. ಸಾವು ಹೆಚ್ಚಿತು. ವರ್ಷಕ್ಕೆ ಹತ್ತು ಸಲ ಕೊಡಬೇಕಿದ್ದ ಡಾಲರು ಇಪ್ಪತ್ತು ಸಲ, ಮೂವತ್ತು ಸಲ ಕೊಡಬೇಕಾಗುವ ಸ್ಥಿತಿ ಬಂತು. ಇಪ್ಪತ್ತೈದರ ಹುಡುಗನೂ ಅರವತ್ತರ ಮುದುಕನೂ ಸಮ ಕೊಡಬೇಕೆಂದರೆ ಹುಡುಗ ಯಾಕೆ ಸೇರುತ್ತಾನೆ? ಹೊಸಬರು ನಿಂತರು, ಸಂಘಗಳು ಕುಸಿದವು. ಜೀವಮಾನವೆಲ್ಲ ಕಟ್ಟಿದವನಿಗೆ ಕೊನೆಗೆ ಚಿಪ್ಪು. ವಯಸ್ಸಿಗೆ ತಕ್ಕ ದರ ಇರಲಿ, ಕೈಯಲ್ಲಿ ಮೀಸಲು ಹಣ ಇರಲಿ ಅಂತ ರಾಜ್ಯಗಳು ಕಾನೂನು ತಂದದ್ದು ಆ ಪೆಟ್ಟು ತಿಂದ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಅಲ್ಲಿ ಇನ್ನೊಂದು ಏರ್ಪಾಡು ಇದೆ. ಆರೆಗನ್ ರಾಜ್ಯ 1902ರಲ್ಲಿ, ಕ್ಯಾಲಿಫೋರ್ನಿಯಾ 1911ರಲ್ಲಿ ಅದನ್ನು ಒಪ್ಪಿಕೊಂಡವು. ಶಾಸಕರು ಕಾನೂನು ಮಾಡದಿದ್ದರೆ ಜನರೇ ಕಾನೂನು ಬರೆದು, ಇಂತಿಷ್ಟು ಸಹಿ ಸಂಗ್ರಹಿಸಿ, ಚುನಾವಣೆಯ ದಿನ ಅದನ್ನೇ ಮತಕ್ಕೆ ಹಾಕಿಸಬಹುದು. ಹೆಚ್ಚು ಮತ ಬಿದ್ದರೆ ಅದೇ ಕಾನೂನು. ಶಾಸನಸಭೆಯ ಹಂಗೇ ಇಲ್ಲ!

1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆದದ್ದು ಇದೇ. ಕಾರಿನ ವಿಮೆ ದರ ಏರಿ ಏರಿ ಜನ ರೋಸಿಹೋಗಿದ್ದರು. ಹಾರ್ವಿ ರೋಸೆನ್‌ಫೀಲ್ಡ್ ಎಂಬ ವಕೀಲರ ಗುಂಪು ಒಂದು ಕಾನೂನು ಬರೆಯಿತು. ದರ ನೂರಕ್ಕೆ ಇಪ್ಪತ್ತು ಇಳಿಸಬೇಕು, ಮುಂದೆ ಏರಿಸುವ ಮೊದಲು ಒಪ್ಪಿಗೆ ಪಡೆಯಬೇಕು, ವಿಮಾ ಕಮಿಷನರನ್ನು ಜನರೇ ಆರಿಸಬೇಕು. ಮೂರೂವರೆ ಲಕ್ಷಕ್ಕೂ ಹೆಚ್ಚು ಸಹಿ ಬೇಕಿತ್ತು, ಸಿಕ್ಕಿತು. ವಿಮಾ ಕಂಪನಿಗಳು ಸುಮ್ಮನಿದ್ದಾವೆಯೇ? ಆ ಸಲ ವಿಮೆಯ ಬಗ್ಗೆಯೇ ಒಟ್ಟು ಐದು ಪ್ರಸ್ತಾವಗಳು ಮತಪತ್ರದಲ್ಲಿದ್ದವು. ಯಾವುದು ಯಾರದ್ದು ಅಂತ ಮತದಾರನಿಗೆ ತಲೆ ಚಿಟ್ಟು ಹಿಡಿಯಬೇಕು, ಹಾಗೆ. ಕಂಪನಿಗಳು ಪ್ರಚಾರಕ್ಕೆ ಸುರಿದದ್ದು ಆರು ಕೋಟಿ ಡಾಲರಿಗೂ ಮೇಲೆ. ಆದರೂ ಗೆದ್ದದ್ದು ರೋಸೆನ್‌ಫೀಲ್ಡರ 103ನೇ ಪ್ರಸ್ತಾವ ಒಂದೇ. ನೂರಕ್ಕೆ 51 ಮತ ಬಿತ್ತು. ಉಳಿದ ನಾಲ್ಕೂ ಬಿದ್ದವು.

ಅಷ್ಟಕ್ಕೇ ಎಲ್ಲ ಸುಖವಾಯಿತು ಅಂತೇನಲ್ಲ. ಕಂಪನಿಗಳು ಕೋರ್ಟಿಗೆ ಹೋದವು. 1989ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಕಾನೂನಿನ ಬಹುಭಾಗವನ್ನು ಉಳಿಸಿ, ಕಂಪನಿಗೂ ನ್ಯಾಯವಾದ ಲಾಭ ಇರಲಿ ಅಂತ ತಿದ್ದಿತು. ಹಣ ವಾಪಸು ಬರಲು ವರ್ಷಗಳೇ ಹಿಡಿದವು. ಇತ್ತೀಚೆಗೆ ಕಾಡ್ಗಿಚ್ಚಿಗೆ ಮನೆಗಳು ಸುಟ್ಟು, 2023ರಲ್ಲಿ ಅಲ್ಲಿನ ಅತಿ ದೊಡ್ಡ ಮನೆ ವಿಮೆ ಕಂಪನಿಯೇ ಹೊಸ ಪಾಲಿಸಿ ಕೊಡುವುದಿಲ್ಲ ಅಂದಿತು. ದರಕ್ಕೆ ಮೂಗುದಾರ ಹಾಕಿದ್ದೇ ಕಾರಣ ಅಂತ ಕೆಲವರು, ಕಂಪನಿಗಳ ನೆಪ ಅಂತ ಕೆಲವರು ವಾದ ಮಾಡುತ್ತಿದ್ದಾರೆ. ಜನ ಬರೆದ ಕಾನೂನಿಗೂ ಜನ ಬೆಲೆ ಕೊಡಬೇಕಾಗುತ್ತದೆ. ಆದರೆ ಬರೆದವರು ತಾವೇ ಅನ್ನುವ ಸಮಾಧಾನವಾದರೂ ಇದೆ.

ಇಲ್ಲಿ ಆ ಹಕ್ಕಿಲ್ಲ, ಆದರೆ...

ನಮ್ಮಲ್ಲಿ ಸಹಿ ಹಾಕಿಸಿ ಕಾನೂನು ಮಾಡಿಸುವ ಹಕ್ಕು ಇಲ್ಲ. ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡರೆ ಮುಗಿಯಿತು ಅಂತ ಬಹಳ ಜನ ತಿಳಿದಿದ್ದಾರೆ. ಪೂರ್ತಿ ಹಾಗೂ ಅಲ್ಲ.

ಚೀಟಿ ಕಾಯ್ದೆ ಕೇಂದ್ರದ್ದಾದರೂ ಜಾರಿ ಮಾಡುವುದು ರಾಜ್ಯ ಸರ್ಕಾರ. ಮೊದಲು ನೂರು ರೂಪಾಯಿ ಒಳಗಿನ ಚೀಟಿಗೆ ಮಾತ್ರ ಕಾಯ್ದೆಯಿಂದ ವಿನಾಯಿತಿ ಇತ್ತು. ನೂರು ರೂಪಾಯಿ ಚೀಟಿ ಈಗ ಮಕ್ಕಳೂ ಹಾಕುವುದಿಲ್ಲ! ಅಂದರೆ ಓಣಿಯ ಹೆಂಗಸರು ಸೇರಿ ಹಾಕುವ ಐನೂರರ ಚೀಟಿಯೂ ಕಾನೂನಿನ ಕಣ್ಣಲ್ಲಿ ತಪ್ಪು. 2019ರ ತಿದ್ದುಪಡಿ ಆ ನೂರನ್ನು ತೆಗೆದು, ಎಷ್ಟರೊಳಗಿನ ಚೀಟಿಗೆ ವಿನಾಯಿತಿ ಅನ್ನುವುದನ್ನು ರಾಜ್ಯ ಸರ್ಕಾರವೇ ಗೊತ್ತು ಮಾಡಲಿ ಅಂದಿತು.

ಇದು ಸಣ್ಣ ಮಾತಲ್ಲ. ಮಿತಿ ತೀರಾ ಕೆಳಗಿಟ್ಟರೆ ಓಣಿಯ ಅಮ್ಮಂದಿರೆಲ್ಲ ಅಪರಾಧಿಗಳು. ತೀರಾ ಮೇಲಿಟ್ಟರೆ ಲಕ್ಷಗಟ್ಟಲೆ ಎತ್ತುವವನಿಗೂ ಹೇಳುವವರಿಲ್ಲ, ಕೇಳುವವರಿಲ್ಲ. ಎಲ್ಲಿ ಗೆರೆ ಎಳೆಯಬೇಕು ಅನ್ನುವುದನ್ನು ಹೇಳಲು ಚೀಟಿ ಕಟ್ಟುವವನಿಗಿಂತ ಅನುಭವಸ್ಥ ಯಾರಿದ್ದಾರೆ? ಇದಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ. ಓಟು ಕೇಳಲು ಬರುವ ಎಮ್ಮೆಲ್ಲೆಗೆ, ಸಹಕಾರ ಇಲಾಖೆಗೆ ವರ್ತಕರ ಸಂಘದಿಂದ ಒಂದು ಮನವಿ ಬರೆದು ಇನ್ನೂರು ಸಹಿ ಹಾಕಿ ಕೊಡಬಹುದು. ಮತಕ್ಕೆ ಹಾಕಿಸಲಾಗದಿದ್ದರೂ ಕಿವಿಗೆ ಹಾಕಬಹುದಲ್ಲ.

ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಅಂಗಡಿಯ ಶಟರಿನ ಒಳಗೇ ಇದೆ.

“ಅಣ್ಣಾ, ಮಂಜೂರಾತಿ ನಂಬರ್ ಎಷ್ಟು?” ಅಂತ ಕೇಳಬೇಕು. ಕರಾರಿನ ನಕಲು ಕೇಳಬೇಕು. ಪಾಸ್‌ಬುಕ್ಕಿನಲ್ಲಿ ಕಂತು ಕಂತಿಗೂ ರುಜು ಹಾಕಿಸಿಕೊಳ್ಳಬೇಕು. ಜೊತೆಯ ಹತ್ತೊಂಬತ್ತು ಜನ ಯಾರ್ಯಾರು, ನಿಜವಾಗಿ ಇದ್ದಾರೋ, ನೋಡಬೇಕು. ಎತ್ತಿದವರು ಜಾಮೀನು ಕೊಟ್ಟರೋ ಇಲ್ಲವೋ ವಿಚಾರಿಸಬೇಕು. ಪ್ರತಿ ತಿಂಗಳೂ ಹೋಗಲಾಗದಿದ್ದರೆ ಎರಡು ತಿಂಗಳಿಗೊಮ್ಮೆಯಾದರೂ ಕೂಗುವ ಜಾಗಕ್ಕೆ ಹೋಗಿ ನಿಲ್ಲಬೇಕು.

ನಮ್ಮ ರಾಜ್ಯದಲ್ಲಿ ಚೀಟಿಯ ಉಸ್ತುವಾರಿ ಸಹಕಾರ ಇಲಾಖೆಯದ್ದು. ಜಿಲ್ಲೆಯಲ್ಲಿ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ ಹೋಗಿ ಒಂದು ಚೀಟಿ ನೋಂದಣಿಯಾಗಿದೆಯೋ ಇಲ್ಲವೋ ವಿಚಾರಿಸಬಹುದು. ನೋಂದಾದ ಚೀಟಿಯಲ್ಲಿ ತಕರಾರು ಬಂದರೆ ಸಿವಿಲ್ ಕೋರ್ಟಿಗೆ ಅಲೆಯಬೇಕಿಲ್ಲ. ರಿಜಿಸ್ಟ್ರಾರರ ಮುಂದೆಯೇ ಪಂಚಾಯ್ತಿಗೆ ಹಾಕಬಹುದು. ಖಾಸಗಿಯವರನ್ನು ನಂಬಲಾರೆ ಅನ್ನುವವರಿಗೆ ಸರ್ಕಾರಿ ಸಂಸ್ಥೆಯಾದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಕೇರಳ ಸರ್ಕಾರ 1969ರಿಂದಲೇ ಇದಕ್ಕಾಗಿ ಕೆಎಸ್‌ಎಫ್‌ಇ ಎಂಬ ಸಂಸ್ಥೆ ಇಟ್ಟುಕೊಂಡಿದೆ.

“ಇಷ್ಟೆಲ್ಲ ಕೇಳಿದರೆ ಅವರು ಬೇಜಾರು ಮಾಡ್ಕೋತಾರೆ ಸಾರ್. ಇಪ್ಪತ್ತು ವರ್ಷದ ಸ್ನೇಹ” ಅನ್ನುವವರಿದ್ದಾರೆ. ಇದೇ ನಿಜವಾದ ತೊಡಕು. ಕಾನೂನು ಗೊತ್ತಿಲ್ಲದ್ದಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯ ಜನರನ್ನು ಮುಳುಗಿಸಿದೆ. ಆದರೆ ಅದೇ ಮನುಷ್ಯ ತನ್ನ ಅಂಗಡಿಗೆ ಬಂದ ಸಕ್ಕರೆ ಮೂಟೆಯನ್ನು ತೂಕ ಹಾಕದೆ ಇಳಿಸಿಕೊಳ್ಳುತ್ತಾನೆಯೇ? ಲಾರಿಯವನೂ ಇಪ್ಪತ್ತು ವರ್ಷದ ಪರಿಚಯವೇ. ತೂಕ ಹಾಕಿದನೆಂದು ಅವನು ಎಂದೂ ಬೇಜಾರು ಮಾಡಿಕೊಂಡಿಲ್ಲ.

ಪ್ರಾಮಾಣಿಕವಾಗಿ ಚೀಟಿ ನಡೆಸುವವರು ಈ ಜಿಲ್ಲೆಯಲ್ಲೂ ಬೇಕಾದಷ್ಟು ಜನ ಇದ್ದಾರೆ. ಕಂತು ತಪ್ಪಿದವನ ಪಾಲನ್ನು ಕೈಯಿಂದ ಹಾಕಿ ಎತ್ತಿದವನಿಗೆ ಅದೇ ದಿನ ಹಣ ಕೊಡುವವರಿದ್ದಾರೆ. ಅಂಥವರಿಗೆ ಪುಸ್ತಕ ಕೇಳಿದರೆ ಸಿಟ್ಟು ಬರುವುದಿಲ್ಲ, ಎದುರಿಗೇ ಬಿಚ್ಚಿಡುತ್ತಾರೆ. ಕೇಳಿದ ಕೂಡಲೇ ಯಾರ ಮುಖ ಗಂಟಾಗುತ್ತದೋ, ಅಲ್ಲಿ ಮುಂದಿನ ಕಂತು ಕಟ್ಟುವ ಮೊದಲು ಒಂದು ರಾತ್ರಿ ಯೋಚಿಸುವುದು ಒಳ್ಳೆಯದು.

ಮುಂದಿನ ತಿಂಗಳ ಮೊದಲ ವಾರ ಮತ್ತೆ ಶಟರು ಅರ್ಧ ಇಳಿಯುತ್ತದೆ. ಕಾಫಿ ಬರುತ್ತದೆ. ಯಾರೋ ಹದಿನೈದು ಅಂತಾರೆ, ಯಾರೋ ಹದಿನೆಂಟು ಅಂತಾರೆ. ಆಗ ಇಪ್ಪತ್ತು ಜನರಲ್ಲಿ ಒಬ್ಬರಾದರೂ ಕೂಗುವ ಮೊದಲು “ಸ್ವಲ್ಪ ಪುಸ್ತಕ ಕೊಡಿ, ನೋಡ್ತೀನಿ” ಅಂದರೆ ಸಾಕು. ಮಿಕ್ಕ ಹತ್ತೊಂಬತ್ತು ಜನರೂ ಕತ್ತು ಚಾಚಿ ನೋಡುತ್ತಾರೆ.